ಹಿತ್ತಲಿಗೆ ಕಲ್ಲಂಗಡಿನಾ, ಕರಬೂಜನಾ?

ಹೊಸಪೇಟೆಯಿಂದ ಇಬ್ಬರು, ಕಂಪ್ಲಿಯಿಂದ ಒಬ್ಬರು ಒಂದೇ ಪ್ರಶ್ನೆ ಕಳ್ಸಿದ್ದಾರೆ: ಜನವರಿಯಲ್ಲಿ ಹಿತ್ತಲಿಗೆ ಯಾವ ತಳಿ ಹಾಕ್ಬೇಕು? ನಾನು ಓದಿದ್ದು ಬಿಕಾಂ, ಲೆಕ್ಕದಿಂದಲೇ ಶುರು ಮಾಡ್ತೀನಿ.

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಮಾಣಿಕ್ ಕಲ್ಲಂಗಡಿ ಒಂದೊಂದು ಸುಮಾರು 6 ಕೆಜಿ ತೂಗುತ್ತೆ, ಬಳ್ಳಿ ಹಿತ್ತಲೆಲ್ಲಾ ಹರಡುತ್ತೆ. ಮೂರು ಜನರ ಮನೆಗೆ ಅಷ್ಟು ದೊಡ್ಡ ಹಣ್ಣು ಯಾಕೆ? ಅದೇ ಸಂಸ್ಥೆಯ ಅರ್ಕಾ ಮುತ್ತು ಬಳ್ಳಿ ಗಿಡ್ಡ, ಹಣ್ಣೂ ಚಿಕ್ಕದು. ನನ್ನ ವೋಟು ಅದಕ್ಕೆ. ಕರಬೂಜದಲ್ಲಾದ್ರೆ ಅರ್ಕಾ ಜೀತ್: ಅರ್ಧ ಕೆಜಿ ಆಸುಪಾಸು, ಒಬ್ಬರೇ ಕೂತು ಮುಗಿಸಬಹುದು. ಅರ್ಕಾ ಜ್ಯೋತಿ ಹೈಬ್ರಿಡ್; ಬೀಜ ಎತ್ತಿಟ್ಟರೆ ಅದೇ ಗುಣ ಬರಲ್ಲ.

ನಿಜವಾದ ತಲೆನೋವು ಬೀಜದ್ದೇ. ಸಂಡೂರಲ್ಲಿ ನಮ್ಮಜ್ಜಿ ಕೆಕ್ಕರಿಕೆ ಬೀಜನ ಬೂದಿಯಲ್ಲಿ ಹೊರಳಿಸಿ, ಒಣಗಿಸಿ ಡಬ್ಬಿಯಲ್ಲಿಡ್ತಾರೆ. ವರ್ಷಾ ಅದನ್ನೇ ಬಿತ್ತೋದು. ಈಗ ಕೇಳಿ: ಕೆಕ್ಕರಿಕೆ, ಕರಬೂಜ ಎರಡೂ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಒಂದೇ ಜಾತಿ. ಪಕ್ಕಪಕ್ಕ ಹಾಕಿದ್ರೆ ಜೇನುನೊಣ ಇದರ ಪರಾಗ ಅದಕ್ಕೆ ಮುಟ್ಟಿಸುತ್ತೆ. ಈ ವರ್ಷದ ಹಣ್ಣಿಗೇನೂ ಆಗಲ್ಲ. ಮುಂದಿನ ವರ್ಷ ಆ ಬೀಜದಿಂದ ಅತ್ತ ಕೆಕ್ಕರಿಕೆಯೂ ಅಲ್ಲ, ಇತ್ತ ಕರಬೂಜವೂ ಅಲ್ಲ ಅನ್ನೋ ಹಣ್ಣು ಬರುತ್ತೆ. ಅಜ್ಜಿ ಬೀಜದ ಕಥೆ ಅಲ್ಲಿಗೆ ಮುಗೀತು.

ಕಲ್ಲಂಗಡಿ ಜಾತಿ ಬೇರೆ, ಇದರ ಜೊತೆ ಬೆರೆಯಲ್ಲ. ಹಾಗಾಗಿ ಕೆಕ್ಕರಿಕೆ ಪಕ್ಕ ನಾನು ಆರಿಸಿದ್ದು ಅರ್ಕಾ ಮುತ್ತು. ಕರಬೂಜ ಹಂಪಿಗೆ ಹೋಗುವಾಗ ದಾರೀಲಿ ಕೊಂಡು ತಿಂತೀನಿ.

ಪಕ್ಕದ ಮನೆಯವರು ಕರಬೂಜ ಹಾಕಿಬಿಟ್ರೆ? ಸಂಜೆಯೇ ಕೆಕ್ಕರಿಕೆಯ ಗಂಡು, ಹೆಣ್ಣು ಮೊಗ್ಗುಗಳಿಗೆ ಕಾಗದದ ಕವರ್ ಕಟ್ಟಿ. ಬೆಳಗ್ಗೆ ನೀವೇ ಪರಾಗ ಮುಟ್ಟಿಸಿ ಮತ್ತೆ ಮುಚ್ಚಿ. ಆ ಕಾಯಿಯ ತೊಟ್ಟಿಗೊಂದು ದಾರ ಕಟ್ಟಿಡಿ. ಬೀಜಕ್ಕೆ ಅದು, ಉಳಿದದ್ದು ಬೆಲ್ಲದ ಜೊತೆ ತಿನ್ನೋಕೆ.