ರಸ್ತೆಗೂ ಹಕ್ಕಿದೆ
(ಜುಮಾ ಖುತ್ಬಾದ ಸಾರಾಂಶ)

ನಾವು ಅಲ್ಲಾಹನನ್ನು ಸ್ತುತಿಸುತ್ತೇವೆ, ಅವನಲ್ಲೇ ಸಹಾಯ ಬೇಡುತ್ತೇವೆ. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬದವರ ಮತ್ತು ಸಹಾಬಿಗಳ ಮೇಲೂ ಅಲ್ಲಾಹನ ಕೃಪೆ ಇರಲಿ.

ಸತ್ಯವಿಶ್ವಾಸಿಗಳೇ,

ಮಕ್ಕಳ ಶಾಲಾ ಕಾಲೇಜುಗಳ ಪರೀಕ್ಷೆ ಮುಗಿಯುತ್ತಲೇ ನಮ್ಮ ಮನೆಗಳಲ್ಲಿ ಇನ್ನೊಂದು ಪರೀಕ್ಷೆಯ ಮಾತು ಶುರುವಾಗುತ್ತದೆ. ಹದಿನೆಂಟು ತುಂಬಿದ ಮಗ ಎಲ್‌ಎಲ್‌ಆರ್ ಮಾಡಿಸಬೇಕು ಎನ್ನುತ್ತಾನೆ. ಮಗಳು, ಸೊಸೆ ಸ್ಕೂಟರ್ ಕಲಿಯಲು ಹೊರಡುತ್ತಾರೆ. ಇದು ಆರ್‌ಟಿಓ ಕಚೇರಿಯ ವಿಷಯ, ಮಿಂಬರ್‌ಗೆ ಏಕೆ ಎಂದು ಯಾರಾದರೂ ಕೇಳಬಹುದು. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದ ಪ್ರಕಾರ 2022ರ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡರು. ಒಂದು ಜೀವವನ್ನು ಅನ್ಯಾಯವಾಗಿ ತೆಗೆಯುವುದು ಇಡೀ ಮನುಕುಲವನ್ನೇ ಕೊಂದಂತೆ ಎಂದು ಸೂರಃ ಅಲ್‌ಮಾಇದ ನಮಗೆ ಕಲಿಸಿದೆ. ಇಷ್ಟು ಜೀವಗಳ ಪ್ರಶ್ನೆಯನ್ನು ಮಿಂಬರ್‌ನಿಂದ ಹೊರಗಿಡಲು ನಮಗೆ ಸಾಧ್ಯವೇ?

ಸಹಾಬಿಗಳು ದಾರಿಬದಿಯಲ್ಲಿ ಕುಳಿತುಕೊಳ್ಳುತ್ತಿದ್ದರು. ಪ್ರವಾದಿಯವರು(ಸ) ಅದನ್ನು ಬಿಡಲು ಹೇಳಿದಾಗ, ಮಾತುಕತೆಗೆ ತಮಗೆ ಬೇರೆ ಜಾಗವಿಲ್ಲ ಎಂದು ಅವರು ಅರಿಕೆ ಮಾಡಿಕೊಂಡರು. ಹಾಗಾದರೆ ದಾರಿಗೆ ಅದರ ಹಕ್ಕನ್ನು ಕೊಡಿ ಎಂದು ಪ್ರವಾದಿಯವರು(ಸ) ಅಪ್ಪಣೆ ಮಾಡಿದರು. ದೃಷ್ಟಿ ತಗ್ಗಿಸುವುದು, ಯಾರಿಗೂ ತೊಂದರೆ ಕೊಡದಿರುವುದು, ಸಲಾಮ್‌ಗೆ ಉತ್ತರಿಸುವುದು, ಒಳಿತನ್ನು ಆದೇಶಿಸುವುದು, ಕೆಡುಕನ್ನು ತಡೆಯುವುದು. ಇವು ದಾರಿಯ ಹಕ್ಕುಗಳೆಂದು ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ವರದಿಯಾಗಿದೆ. ದಾರಿಯಲ್ಲಿ ಸುಮ್ಮನೆ ಕುಳಿತವನ ಮೇಲೇ ಇಷ್ಟು ಹೊಣೆ ಇದ್ದರೆ, ಅದೇ ದಾರಿಯಲ್ಲಿ ಅರುವತ್ತರ ವೇಗದಲ್ಲಿ ವಾಹನ ಓಡಿಸುವವನ ಹೊಣೆ ಎಷ್ಟಿರಬೇಕು? ದಾರಿಯ ಮೇಲಿನ ಮುಳ್ಳನ್ನು ಸರಿಸುವುದು ಈಮಾನಿನ ಒಂದು ಶಾಖೆ. ನಾವೇ ದಾರಿಯ ಮುಳ್ಳಾದರೆ ಅದಕ್ಕೆ ಏನೆಂದು ಹೆಸರಿಡೋಣ?

ಎಲ್‌ಎಲ್‌ಆರ್ ಪರೀಕ್ಷೆಗೆ ಕಲಿಯುವ ಪಾಠಗಳನ್ನು ಈ ಹದೀಸಿನ ಬೆಳಕಿನಲ್ಲಿ ಓದೋಣ. ಕೆಂಪು ಅಂಚಿನ ದುಂಡು ಫಲಕ ಆಜ್ಞೆ, ಪಾಲಿಸಲೇಬೇಕು. ಕೆಂಪು ಅಂಚಿನ ತ್ರಿಕೋನ ಎಚ್ಚರಿಕೆ: ಮುಂದೆ ತಿರುವಿದೆ, ಶಾಲೆಯಿದೆ, ವೇಗ ತಗ್ಗಿಸು. ನೀಲಿ ಬಣ್ಣದ ಆಯತ ಮಾಹಿತಿ: ಇಲ್ಲಿ ಆಸ್ಪತ್ರೆ, ಅಲ್ಲಿ ಪೆಟ್ರೋಲ್ ಬಂಕ್. ಎಂಟು ಮೂಲೆಯ ಕೆಂಪು ಫಲಕ ಕಂಡರೆ ಪೂರ್ತಿ ನಿಲ್ಲಬೇಕು. ತಲೆಕೆಳಗಾದ ತ್ರಿಕೋನ ಕಂಡರೆ ಇತರರಿಗೆ ದಾರಿ ಬಿಡಬೇಕು.

ದಾರಿ ಬಿಡುವ ನಿಯಮಗಳನ್ನು ಗಮನಿಸಿ. ಝೀಬ್ರಾ ಪಟ್ಟೆಯ ಮೇಲೆ ಕಾಲಿಟ್ಟ ಪಾದಚಾರಿಗೆ ಮೊದಲ ಹಕ್ಕು. ವೃತ್ತದೊಳಗೆ ಈಗಾಗಲೇ ಬಂದಿರುವ ವಾಹನಕ್ಕೆ ಹೊಸದಾಗಿ ಬರುವವನು ದಾರಿ ಬಿಡಬೇಕು. ಚಾರ್ಮಾಡಿಯಂಥ ಘಾಟಿ ರಸ್ತೆಯಲ್ಲಿ ಇಬ್ಬರಿಗೂ ಜಾಗ ಸಾಲದಿದ್ದಾಗ, ಇಳಿಯುವವನು ಏರುವವನಿಗೆ ದಾರಿ ಕೊಡಬೇಕು. ಏರಿನಲ್ಲಿ ಒಮ್ಮೆ ನಿಂತ ಭಾರದ ಲಾರಿ ಮತ್ತೆ ಹೊರಡುವುದು ಕಷ್ಟ. ಆಂಬ್ಯುಲೆನ್ಸ್‌ಗೆ ದಾರಿ ಬಿಡದವನಿಗೆ ಹತ್ತು ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳ ಸೆರೆ, ಇಲ್ಲವೇ ಎರಡೂ. ಇವೆಲ್ಲದರ ತಿರುಳು ಒಂದೇ: ಬಲವುಳ್ಳವನು ಬಲವಿಲ್ಲದವನಿಗೆ, ಅನುಕೂಲದಲ್ಲಿರುವವನು ಕಷ್ಟದಲ್ಲಿರುವವನಿಗೆ ಬಿಟ್ಟುಕೊಡುವುದು. ನಮ್ಮ ದೀನ್ ಇದನ್ನು ಈಸಾರ್ ಎಂದು ಕರೆಯುತ್ತದೆ.

ಸಹೋದರರೇ, ಈಗ ಸ್ವಲ್ಪ ಕಹಿಯಾದ ಮಾತು. ಸ್ವಲ್ಪ ಹೆಚ್ಚಿಗೆ ದುಡ್ಡು ಕೊಟ್ಟರೆ ಬೇರೆಯವರು ಕೂತು ಉತ್ತರ ಒತ್ತಿಕೊಡುತ್ತಾರೆ ಎಂಬ ಮಾತು ನಮ್ಮ ಹುಡುಗರ ನಡುವೆಯೂ ಓಡಾಡುತ್ತದೆ. ಕೆಲವು ತಂದೆಯರು ಇದನ್ನು ಜಾಣತನ ಎಂದುಕೊಂಡಿದ್ದಾರೆ. ಪ್ರವಾದಿಯವರು(ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಮೇಲೆ ಒಣ ಧಾನ್ಯ, ಒಳಗೆ ಒದ್ದೆ ಇತ್ತು. ವಂಚಿಸುವವನು ನಮ್ಮವನಲ್ಲ ಎಂಬ ಎಚ್ಚರಿಕೆ ಬಂದದ್ದು ಆಗ. ಬೇರೆಯವರು ಬರೆದುಕೊಟ್ಟ ಪರೀಕ್ಷೆಯ ಲೈಸೆನ್ಸ್ ಕೂಡ ಅಂಥದೇ ರಾಶಿ. ಮೇಲೆ ಸರಕಾರದ ಮುದ್ರೆ, ಒಳಗೆ ಏನೂ ತಿಳಿಯದ ಚಾಲಕ. ಒದ್ದೆ ಧಾನ್ಯ ಕೊಂಡವನಿಗೆ ಹಣ ನಷ್ಟ. ಇಲ್ಲಿ ನಷ್ಟವಾಗುವುದು ಯಾರದೋ ಮನೆಯ ಮಗು.

ಎಲ್‌ಎಲ್‌ಆರ್ ಸಿಕ್ಕಿದೊಡನೆ ಕಲಿಕೆ ಮುಗಿಯುವುದಿಲ್ಲ. ಅದರ ಅವಧಿ ಆರು ತಿಂಗಳು. ಕನಿಷ್ಠ ಮೂವತ್ತು ದಿನ ಕಳೆದ ಬಳಿಕವೇ ಡಿಎಲ್ ಪರೀಕ್ಷೆಗೆ ಹೋಗಬಹುದು. ಅಲ್ಲಿಯವರೆಗೆ ವಾಹನದ ಹಿಂದೆ ಮುಂದೆ ಬಿಳಿ ಹಿನ್ನೆಲೆಯಲ್ಲಿ ಕೆಂಪು ‘ಎಲ್’ ಅಕ್ಷರ ಇರಬೇಕು. ಕಾರು ಕಲಿಯುವಾಗ ಲೈಸೆನ್ಸ್ ಉಳ್ಳವರು ಪಕ್ಕದಲ್ಲಿ ಕುಳಿತಿರಬೇಕು. ಆ ‘ಎಲ್’ ಅಕ್ಷರ ಹಾಕಿಕೊಳ್ಳಲು ನಾಚಬೇಕಿಲ್ಲ. ನಾನು ಕಲಿಯುತ್ತಿದ್ದೇನೆ, ನನ್ನ ಬಗ್ಗೆ ಎಚ್ಚರ ವಹಿಸಿ ಎಂದು ಎದುರಿನವರಿಗೆ ಹೇಳುವ ಪ್ರಾಮಾಣಿಕತೆ ಅದು.

ತಂದೆ ತಾಯಂದಿರೇ, ಹದಿನೈದರ ಹುಡುಗನ ಕೈಗೆ ಬೈಕಿನ ಕೀ ಕೊಟ್ಟು, ಮಗ ಎಷ್ಟು ಚೆನ್ನಾಗಿ ಓಡಿಸುತ್ತಾನೆ ಎಂದು ಹೆಮ್ಮೆಪಡಬೇಡಿ. ಮಕ್ಕಳು ನಮ್ಮ ಕೈಯಲ್ಲಿರುವ ಅಮಾನತ್. ಗೇರ್ ಇರುವ ಬೈಕಿಗೂ ಕಾರಿಗೂ ಹದಿನೆಂಟು ತುಂಬಿರಲೇಬೇಕು. 2019ರ ತಿದ್ದುಪಡಿಯ ನಂತರ, ಅಪ್ರಾಪ್ತ ಮಗು ವಾಹನ ಓಡಿಸಿ ತಪ್ಪೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ ಇದೆ. ವಾಹನದ ನೋಂದಣಿ ಒಂದು ವರ್ಷ ರದ್ದಾಗುತ್ತದೆ. ಆ ಮಗುವಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ನ್ಯಾಯಾಲಯದ ಈ ಲೆಕ್ಕ ಮುಗಿದ ಮೇಲೂ ಅಲ್ಲಾಹನ ಮುಂದಿನ ಲೆಕ್ಕ ಬಾಕಿ ಇರುತ್ತದೆ.

‘ಎಲ್ಲ ತಕ್ದೀರ್, ಹೆಲ್ಮೆಟ್‌ನಿಂದ ಏನಾಗುತ್ತದೆ’ ಎನ್ನುವವರಿದ್ದಾರೆ. ಒಂಟೆಯನ್ನು ಕಟ್ಟಿ, ಆಮೇಲೆ ಅಲ್ಲಾಹನಲ್ಲಿ ಭರವಸೆಯಿಡು ಎಂಬ ಪ್ರವಾದಿ ಪಾಠವನ್ನು ಅವರು ಮರೆತಿದ್ದಾರೆ. ಹೆಲ್ಮೆಟ್‌ನ ಪಟ್ಟಿ ಬಿಗಿಯುವುದು ನಮ್ಮ ಕಾಲದ ಒಂಟೆ ಕಟ್ಟುವಿಕೆ. ಹಿಂದೆ ಕುಳಿತ ಮಡದಿಗೂ, ನಾಲ್ಕು ವರ್ಷ ದಾಟಿದ ಮಗುವಿಗೂ ಹೆಲ್ಮೆಟ್ ಬೇಕು. ಟೊಪ್ಪಿಯಾಗಲಿ ಶಿರವಸ್ತ್ರವಾಗಲಿ ಅದರ ಬದಲಿಗೆ ಬಾರದು.

ಅವಸರದ ಬಗ್ಗೆಯೂ ಒಂದು ಮಾತು. ಅರಫಾದಿಂದ ಮರಳುವಾಗ ಜನರು ಒಂಟೆಗಳನ್ನು ಹೊಡೆದು ಓಡಿಸುವ ಗದ್ದಲ ಕೇಳಿ, ಶಾಂತವಾಗಿರಿ, ಪುಣ್ಯವಿರುವುದು ವೇಗದಲ್ಲಿ ಅಲ್ಲ ಎಂದು ಪ್ರವಾದಿಯವರು(ಸ) ತಿಳಿಹೇಳಿದರು. ಇಕಾಮತ್ ಕೇಳಿದರೂ ನಮಾಝಿಗೆ ಓಡಿ ಬರಬಾರದು, ಸಮಾಧಾನದಿಂದ ನಡೆದು ಬರಬೇಕು ಎಂಬುದು ಅವರ ಕಲಿಕೆ. ಹೀಗಿರುವಾಗ ಜುಮಾ ತಪ್ಪೀತು ಎಂದು ಕೆಂಪು ದೀಪ ದಾಟಿ ಬರುವುದು ಯಾವ ಇಬಾದತ್? ಮಸೀದಿಯ ಮುಂದಿನ ರಸ್ತೆಯಲ್ಲಿ ಅಡ್ಡಾದಿಡ್ಡಿ ಗಾಡಿ ನಿಲ್ಲಿಸಿ ಒಳಗೆ ಸಜ್ದಾ ಮಾಡುವಾಗ, ಹೊರಗೆ ಶಾಲೆಯ ಬಸ್ಸು ಸಿಕ್ಕಿಬಿದ್ದರೆ, ಅದರೊಳಗಿನ ಮಕ್ಕಳಿಗೆ ಮತ್ತು ಕಾಯುತ್ತಿರುವ ಅವರ ತಾಯಂದಿರಿಗೆ ನಾವು ಇಸ್ಲಾಮನ್ನು ಹೇಗೆ ಪರಿಚಯಿಸಿದಂತಾಯಿತು?

ಎಷ್ಟೇ ಎಚ್ಚರವಿದ್ದರೂ ಅಪಘಾತ ಸಂಭವಿಸಬಹುದು. ಆಗ ಓಡಿಹೋಗಬಾರದು. ಗಾಯಾಳುವಿಗೆ ಚಿಕಿತ್ಸೆ ಸಿಗುವಂತೆ ಮಾಡುವುದು ಚಾಲಕನ ಮೊದಲ ಕರ್ತವ್ಯ. ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ ಆದಷ್ಟು ಬೇಗ, ತಡವೆಂದರೆ 24 ಗಂಟೆಯೊಳಗೆ, ಹತ್ತಿರದ ಠಾಣೆಗೆ ತಿಳಿಸಬೇಕು. ಬೇರೆಯವರ ಅಪಘಾತ ಕಂಡರೂ ಕೇಸಿನ ಭಯದಿಂದ ಮುಖ ತಿರುಗಿಸಬೇಡಿ. ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ಕಾನೂನೇ ರಕ್ಷಣೆ ಕೊಟ್ಟಿದೆ. ವಿಮೆಯ ಹಣ ಬಂದರೆ ಎಲ್ಲ ತೀರಿತು ಎಂದೂ ತಿಳಿಯಬೇಡಿ. ಕೈತಪ್ಪಿ ಆದ ಕೊಲೆಗೂ ಪರಿಹಾರಧನ ಮತ್ತು ಪ್ರಾಯಶ್ಚಿತ್ತವನ್ನು ಸೂರಃ ಅನ್ನಿಸಾ ವಿಧಿಸಿದೆ. 1993ರಲ್ಲಿ ಬ್ರೂನೈಯಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯ ವಿದ್ವಾಂಸರು, ಶರೀಅತ್‌ಗೆ ವಿರುದ್ಧವಲ್ಲದ ಸಂಚಾರ ನಿಯಮಗಳನ್ನು ಪಾಲಿಸುವುದು ಧಾರ್ಮಿಕವಾಗಿಯೂ ಕಡ್ಡಾಯ ಎಂದು ತೀರ್ಮಾನಿಸಿದ್ದಾರೆ.

ಆದ್ದರಿಂದ ಈ ವಾರ ಮನೆಯಲ್ಲಿ ಒಂದು ಕೆಲಸ ಮಾಡೋಣ. ಎಲ್‌ಎಲ್‌ಆರ್‌ಗೆ ಓದುತ್ತಿರುವ ಮಗ ಅಥವಾ ಮಗಳ ಜೊತೆ ಕೂತು ಆ ಚಿಹ್ನೆಗಳನ್ನು ನಾವೂ ಓದೋಣ. ಇಪ್ಪತ್ತು ವರ್ಷದಿಂದ ಗಾಡಿ ಓಡಿಸುವ ನಮ್ಮಲ್ಲಿ ಎಷ್ಟು ಮಂದಿಗೆ ಅವೆಲ್ಲ ನೆನಪಿವೆ ಎಂದು ಆಗ ತಿಳಿಯುತ್ತದೆ. ಮಕ್ಕಳು ಪುಸ್ತಕದಿಂದ ಕಲಿತದ್ದನ್ನು ನಮ್ಮ ಹಿಂದಿನ ಸೀಟಿನಲ್ಲಿ ಕುಳಿತಾಗ ಮರೆಯುವಂತಾಗಬಾರದು.

ಅಲ್ಲಾಹನೇ, ನಮ್ಮ ಪ್ರಯಾಣಗಳನ್ನು ಸುರಕ್ಷಿತಗೊಳಿಸು. ನಮ್ಮ ಕೈಯಿಂದ ಯಾವ ಜೀವಕ್ಕೂ ಹಾನಿಯಾಗದಂತೆ ಕಾಪಾಡು. ರಸ್ತೆಯಲ್ಲಿ ಆಪ್ತರನ್ನು ಕಳೆದುಕೊಂಡ ಎಲ್ಲ ಮನೆಗಳಿಗೂ ಸಾಂತ್ವನ ನೀಡು. ಆಮೀನ್.