ಮಳೆಯಿಂದ ತೂಬಿಗೆ: ಅರಬ್ ಜಗತ್ತು ಫುಟ್‌ಬಾಲ್ ನೋಡುವ ಬಗೆ



ಕ್ರೀಡೆ ಮತ್ತು ಸಮೂಹ ಮಾಧ್ಯಮ ಕುರಿತು ಮಾತನಾಡಬೇಕೆಂದು ನನ್ನನ್ನು ಕರೆದಿದ್ದೀರಿ. ನಮ್ಮಲ್ಲಿ ಈ ವಿಷಯ ಎತ್ತಿದರೆ ಮಾತು ಕ್ರಿಕೆಟ್ಟಿನ ಸುತ್ತಲೇ ಗಿರಕಿ ಹೊಡೆಯುತ್ತದೆ. ಹಾಗಾಗಬಾರದೆಂದು ಅರಬ್ ಜಗತ್ತಿನ ಫುಟ್‌ಬಾಲನ್ನು ಆರಿಸಿಕೊಂಡಿದ್ದೇನೆ. ಆಟವನ್ನು ಯಾರು ನೋಡಬಹುದು, ಯಾರು ನೋಡಬಾರದು ಎಂಬ ಪ್ರಶ್ನೆ ಅಲ್ಲಿ ರಾಜಕಾರಣವಾಗಿ ಬಯಲಿಗೆ ಬಂದಷ್ಟು ಬೇರೆಡೆ ಬಂದಿಲ್ಲ.

2022ರ ನವೆಂಬರ್ 20ರಂದು ಕತಾರ್‌ನಲ್ಲಿ ವಿಶ್ವಕಪ್ ಆರಂಭವಾಯಿತು. ಸೌದಿ ಅರೇಬಿಯದ ಯುವರಾಜ ಮೊಹಮ್ಮದ್ ಬಿನ್ ಸಲ್ಮಾನ್ ಉದ್ಘಾಟನೆಗೆ ಬಂದು ಗಣ್ಯರ ಸಾಲಿನಲ್ಲಿ ಕುಳಿತಿದ್ದರು. ಅದೇ ದಿನ ಅವರ ದೇಶದಲ್ಲಿ ಕತಾರ್‌ನ ಬಿಇನ್ ಸಂಸ್ಥೆಯ ಸ್ಟ್ರೀಮಿಂಗ್ ವೇದಿಕೆಯಾದ ಟಿಒಡಿ ನಿಂತುಹೋಯಿತು. ಹಣ ಕಟ್ಟಿದ ಚಂದಾದಾರರಿಗೆ ಕಂಡದ್ದು ಮಾಧ್ಯಮ ಸಚಿವಾಲಯದ ನಿಯಮ ಉಲ್ಲಂಘನೆ ಎಂಬ ಒಕ್ಕಣೆ. ಎರಡು ದಿನಗಳ ನಂತರ ಲುಸೈಲ್ ಕ್ರೀಡಾಂಗಣದಲ್ಲಿ ಸೌದಿ ತಂಡ ಅರ್ಜೆಂಟೀನಾವನ್ನು 2-1ರಿಂದ ಸೋಲಿಸಿತು. ದೊರೆ ಮರುದಿನವನ್ನು ಸಾರ್ವಜನಿಕ ರಜೆಯೆಂದು ಸಾರಿದರು. ಸಾಲಿಹ್ ಅಲ್ ಶಹ್ರಿ, ಸಾಲಿಮ್ ಅಲ್ ದವ್ಸರಿ ಹೊಡೆದ ಆ ಗೋಲುಗಳನ್ನು ಚಾವಣಿಯ ಮೇಲೆ ಡಿಶ್ ಇದ್ದ ಸೌದಿಗಳು ನೇರವಾಗಿ ನೋಡಿದರು. ಮೊಬೈಲಿನಲ್ಲಿ ಟಿಒಡಿಯನ್ನೇ ನಂಬಿಕೊಂಡವರಿಗೆ ಆ ಭಾಗ್ಯ ಇರಲಿಲ್ಲ.

ಇವತ್ತಿನ ನನ್ನ ಮಾತಿನ ಸಾರವೆಲ್ಲ ಈ ಪ್ರಸಂಗದಲ್ಲೇ ಇದೆ. ಉಪಗ್ರಹದ ಪ್ರಸಾರ ಮಳೆಯ ಹಾಗೆ: ಗಡಿ ಕೇಳದೆ ಎಲ್ಲರ ಚಾವಣಿಯ ಮೇಲೂ ಬೀಳುತ್ತದೆ. ಸ್ಟ್ರೀಮಿಂಗ್ ಕೆರೆಯ ನೀರು; ಅದಕ್ಕೆ ತೂಬಿದೆ, ತೂಬಿಗೊಬ್ಬ ನೀರುಗಂಟಿ ಇದ್ದಾನೆ. ಅರಬ್ ಅಭಿಮಾನಿ ಮಳೆಯಿಂದ ತೂಬಿನ ಕಡೆಗೆ ನಡೆಯುತ್ತಿದ್ದಾನೆ. ಈ ನಡಿಗೆಯಲ್ಲಿ ಅವನಿಗೆ ದಕ್ಕಿದ್ದೇನು, ಕೈತಪ್ಪಿದ್ದೇನು ಎಂದು ನೋಡೋಣ.

1. ಚಾವಣಿಯ ಕಾಲ

ಮೊದಲು ವಿಶ್ವಕಪ್ ಎಂದರೆ ಆಯಾ ದೇಶದ ಸರ್ಕಾರಿ ವಾಹಿನಿ. ಅರಬ್ ದೇಶಗಳ ಪ್ರಸಾರ ಸಂಸ್ಥೆಗಳ ಒಕ್ಕೂಟ ಒಟ್ಟಾಗಿ ಹಕ್ಕು ಕೊಳ್ಳುತ್ತಿತ್ತು, ಜನ ಬಿಟ್ಟಿಯಾಗಿ ನೋಡುತ್ತಿದ್ದರು. ಸೌದಿ ಉದ್ಯಮಿ ಸಾಲಿಹ್ ಕಾಮಿಲ್ 1993ರಲ್ಲಿ ಕಟ್ಟಿದ ಎಆರ್‌ಟಿ ಜಾಲ ಈ ಲೆಕ್ಕವನ್ನು ಬದಲಿಸಿತು. 2002 ಮತ್ತು 2006ರ ವಿಶ್ವಕಪ್‌ಗಳು ಚಂದಾ ಕಟ್ಟಿದವರ ಪಾಲಾದವು. 2003ರಲ್ಲಿ ಕತಾರ್‌ನಲ್ಲಿ ಹುಟ್ಟಿದ ಅಲ್ ಜಝೀರಾ ಸ್ಪೋರ್ಟ್ 2009ರಲ್ಲಿ ಎಆರ್‌ಟಿಯ ಕ್ರೀಡಾ ವಾಹಿನಿಗಳನ್ನೂ ಹಕ್ಕುಗಳನ್ನೂ ಕೊಂಡಿತು. 2014ರ ಹೊಸ ವರ್ಷಕ್ಕೆ ಅದರ ಹೆಸರು ಬಿಇನ್ ಸ್ಪೋರ್ಟ್ಸ್ ಎಂದಾಯಿತು. ಮೊರಾಕ್ಕೊದಿಂದ ಒಮಾನ್‌ವರೆಗಿನ ಇಪ್ಪತ್ತಕ್ಕೂ ಹೆಚ್ಚು ದೇಶಗಳ ಫುಟ್‌ಬಾಲ್ ಒಂದೇ ಸಂಸ್ಥೆಯ ಸ್ಮಾರ್ಟ್‌ಕಾರ್ಡಿನೊಳಗೆ ಸೇರಿತು.

ಹಣ ಕಟ್ಟಲಾಗದವರು ಸುಮ್ಮನೆ ಕೂರಲಿಲ್ಲ. ಈಜಿಪ್ಟಿನ ಬಡಾವಣೆಗಳಲ್ಲಿ ಒಬ್ಬ ಕಾರ್ಡು ಕೊಂಡು, ಚಾವಣಿಯಿಂದ ಚಾವಣಿಗೆ ಕೇಬಲ್ ಎಳೆದು, ಹತ್ತಾರು ಮನೆಗಳಿಗೆ ತಿಂಗಳಿಗಿಷ್ಟು ಎಂದು ಹಂಚುತ್ತಿದ್ದ. ಅದಕ್ಕೆ ‘ವಸ್ಲಾ’ ಎನ್ನುತ್ತಾರೆ. ಟುನೀಶಿಯ, ಅಲ್ಜೀರಿಯಗಳಲ್ಲಿ ಒಂದು ಕಾರ್ಡಿನ ಬೀಗದ ಸಂಕೇತವನ್ನು ಇಂಟರ್ನೆಟ್ ಮೂಲಕ ನೂರಾರು ಪೆಟ್ಟಿಗೆಗಳಿಗೆ ಕಳಿಸುವ ವಿದ್ಯೆ ಬೆಳೆಯಿತು. ಉತ್ತರ ಆಫ್ರಿಕದವರು ಡಿಶ್ಶನ್ನು ಯುರೋಪಿನ ಉಪಗ್ರಹದತ್ತ ತಿರುಗಿಸಿ, ಜರ್ಮನಿಯ ಉಚಿತ ವಾಹಿನಿಗಳಲ್ಲಿ ಭಾಷೆ ತಿಳಿಯದೆಯೂ ಆಟ ನೋಡಿದರು.

ಉಳಿದವರಿಗೆ ಕಾಫಿ ಅಂಗಡಿ. ಕೈರೊದ ಜನ ‘ಅಹ್ವ’ ಎನ್ನುವ ಈ ಅಂಗಡಿಯಲ್ಲಿ ಉಳಿದ ದಿನ ಚಹಾ, ಹುಕ್ಕಾ, ಪಗಡೆಯಂಥ ಆಟ. ಪಂದ್ಯದ ರಾತ್ರಿ ಮಾತ್ರ ಪ್ಲಾಸ್ಟಿಕ್ ಕುರ್ಚಿಗಳು ಬೀದಿಗೆ ಇಳಿಯುತ್ತವೆ, ಕೂತವರು ಇಷ್ಟಾದರೂ ಖರ್ಚು ಮಾಡಲೇಬೇಕೆಂಬ ಕಟ್ಟುಪಾಡು ಬರುತ್ತದೆ. ಈಜಿಪ್ಟಿನಲ್ಲಿ ಜನ ಕಾಫಿ ಅಂಗಡಿಗೆ ಸೇರಲು ಇನ್ನೂ ಒಂದು ಕಾರಣವಿತ್ತು. 2012ರ ಫೆಬ್ರವರಿ 1ರಂದು ಪೋರ್ಟ್ ಸೈದ್ ಕ್ರೀಡಾಂಗಣದ ಗಲಭೆಯಲ್ಲಿ 70ಕ್ಕೂ ಹೆಚ್ಚು ಮಂದಿ ಸತ್ತರು. ಆಮೇಲೆ ವರ್ಷಗಟ್ಟಲೆ ಲೀಗ್ ಪಂದ್ಯಗಳು ಬಹುಮಟ್ಟಿಗೆ ಖಾಲಿ ಕ್ರೀಡಾಂಗಣಗಳಲ್ಲಿ ನಡೆದವು. ಅಲ್ ಅಹ್ಲಿ, ಝಮಾಲೆಕ್ ಕ್ಲಬ್‌ಗಳ ಅಭಿಮಾನಿಗಳಿಗೆ ಕಾಫಿ ಅಂಗಡಿಯೇ ಗ್ಯಾಲರಿಯಾಯಿತು.

2. ಆಕಾಶದಲ್ಲಿ ಜಗಳ

ಉಪಗ್ರಹವನ್ನು ತಡೆಯಲು ಯಾರೂ ಪ್ರಯತ್ನಿಸಲಿಲ್ಲ ಎಂದಲ್ಲ. 2010ರ ವಿಶ್ವಕಪ್ಪಿನಲ್ಲಿ ಅಲ್ ಜಝೀರಾ ಸ್ಪೋರ್ಟ್‌ನ ಸಂಕೇತಕ್ಕೆ ಯಾರೋ ಬೇಕೆಂದೇ ಅಡ್ಡಿಪಡಿಸಿದರು. ಪರದೆಗಳು ಮತ್ತೆ ಮತ್ತೆ ಕಪ್ಪಾದವು. ಫಿಫಾ ಬಹಿರಂಗವಾಗಿ ಖಂಡಿಸಿತು. ಕತಾರ್ ಸ್ವಂತ ಉಪಗ್ರಹ ಸಂಸ್ಥೆ ಕಟ್ಟಿಕೊಂಡು 2013ರಲ್ಲಿ ‘ಸುಹೈಲ್-1’ ಹಾರಿಸಿತು.

ದೊಡ್ಡ ಕಳವು ನಡೆದದ್ದು ಅದರ ನಂತರ. 2017ರ ಜೂನ್‌ನಲ್ಲಿ ಸೌದಿ, ಯುಎಇ, ಬಹ್ರೇನ್, ಈಜಿಪ್ಟ್ ಕತಾರ್‌ಗೆ ದಿಗ್ಬಂಧನ ಹಾಕಿದವು. ಬಿಇನ್‌ಗೆ ಸೌದಿಯಲ್ಲಿ ಬಾಗಿಲು ಮುಚ್ಚಿತು. ಕೆಲವೇ ವಾರಗಳಲ್ಲಿ ‘ಬಿಔಟ್‌ಕ್ಯೂ’ ಎಂಬ ಹೊಸ ಪೆಟ್ಟಿಗೆ ಅಲ್ಲಿನ ಮಾರುಕಟ್ಟೆಗೆ ಬಂತು. ಬಿಇನ್‌ನ ಚಿತ್ರವನ್ನೇ ಕದ್ದು, ಅದರ ಲಾಂಛನದ ಮೇಲೆ ತನ್ನ ಲಾಂಛನ ಅಂಟಿಸಿ, ಕೆಲವು ಸೆಕೆಂಡು ತಡವಾಗಿ ಹತ್ತು ವಾಹಿನಿಗಳಲ್ಲಿ ಬಿತ್ತರಿಸಿತು. 2018ರ ವಿಶ್ವಕಪ್ ಇಡಿಯಾಗಿ ಹೀಗೆ ಹರಿಯಿತು. ಫಿಫಾ, ಯುಇಎಫ್‌ಎ ಮತ್ತು ಯುರೋಪಿನ ಲೀಗ್‌ಗಳು ದೂರು ಕೊಡಲು ಸೌದಿಯಲ್ಲಿ ಒಂಬತ್ತು ವಕೀಲ ಸಂಸ್ಥೆಗಳ ಮೊರೆ ಹೋದವು. ಯಾವುದೂ ವಕಾಲತ್ತು ವಹಿಸಲಿಲ್ಲ ಎಂದು 2019ರಲ್ಲಿ ಜಂಟಿ ಹೇಳಿಕೆ ಕೊಟ್ಟವು. ಸೌದಿ ಸರ್ಕಾರ ತನಗೂ ಇದಕ್ಕೂ ಸಂಬಂಧವಿಲ್ಲ ಎನ್ನುತ್ತಲೇ ಬಂತು. ಕಳವಿನ ಮೇಲೆ ಸೌದಿ ಕ್ರಿಮಿನಲ್ ಕ್ರಮ ಜರುಗಿಸಲಿಲ್ಲ ಎಂದು ವಿಶ್ವ ವ್ಯಾಪಾರ ಸಂಸ್ಥೆಯ ಮಂಡಳಿ 2020ರ ಜೂನ್‌ನಲ್ಲಿ ತೀರ್ಮಾನಿಸಿತು. ಬಿಇನ್ ಮೇಲಿನ ನಿಷೇಧ ತೆರವಾದದ್ದು 2021ರ ಅಕ್ಟೋಬರ್‌ನಲ್ಲಿ. ಸೌದಿ ಸಾರ್ವಜನಿಕ ಹೂಡಿಕೆ ನಿಧಿಯ ಮುಂದಾಳತ್ವದ ಕೂಟ ಇಂಗ್ಲೆಂಡಿನ ನ್ಯೂಕ್ಯಾಸಲ್ ಕ್ಲಬ್ಬನ್ನು ಕೊಂಡದ್ದೂ ಅದೇ ದಿನಗಳಲ್ಲಿ.

ಇಲ್ಲಿ ಒಂದು ಸೂಕ್ಷ್ಮ ಗಮನಿಸಿ. ಉಪಗ್ರಹವನ್ನು ತಡೆಯಲು ಅಡ್ಡಿಯ ಯಂತ್ರ ಬೇಕು, ಇಲ್ಲವೇ ಸಮಾನಾಂತರ ಕಳ್ಳ ಜಾಲ ಬೇಕು. ಎರಡೂ ದುಬಾರಿ, ಎರಡೂ ಜಗಜ್ಜಾಹೀರು. 2022ರಲ್ಲಿ ಟಿಒಡಿಯನ್ನು ನಿಲ್ಲಿಸಲು ಇದಾವುದೂ ಬೇಕಾಗಲಿಲ್ಲ. ಇಂಟರ್ನೆಟ್ ಕೊಡುವ ಕಂಪನಿಗಳಿಗೆ ಒಂದು ಆದೇಶ ಸಾಕಾಯಿತು.

3. ಅಂಗೈಯ ಆಟ

ಈಗ ಹೊಸ ವೇದಿಕೆಗಳ ಕಡೆ ಬರೋಣ. ಟಿಒಡಿ 2022ರ ಆರಂಭದಲ್ಲಿ ಬಂತು. ಸೌದಿಯ ಎಂಬಿಸಿ ಬಳಗದ ‘ಶಾಹಿದ್’, ಧಾರಾವಾಹಿಗಳ ಜೊತೆ ಸೌದಿ ಲೀಗನ್ನೂ ತೋರಿಸತೊಡಗಿತು. ಕ್ರಿಸ್ಟಿಯಾನೊ ರೊನಾಲ್ಡೊ ಅಲ್ ನಸ್ರ್ ಸೇರಿದ ಮೇಲೆ ಆ ಲೀಗಿಗೆ ದೇಶದಾಚೆಯೂ ಗಿರಾಕಿಗಳು ಸಿಕ್ಕರು. 2025-26ರ ಋತುವಿನಿಂದ ಸೌದಿ ಲೀಗಿನ ಹಕ್ಕು ‘ಸಮಾನಿಯ’ ಸಂಸ್ಥೆಗೆ ಹೋಯಿತು. ಅದು ಹೆಸರು ಮಾಡಿದ್ದು ಪಾಡ್‌ಕಾಸ್ಟ್‌ಗಳಿಂದ! ಕ್ರೀಡಾ ವಾಹಿನಿಯ ಹಿನ್ನೆಲೆಯೇ ಇಲ್ಲದ ಸಂಸ್ಥೆಯೊಂದು ದೇಶದ ಮುಖ್ಯ ಲೀಗನ್ನು ಹಿಡಿಯಿತೆಂದರೆ ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದು ಗೊತ್ತಾಗುತ್ತದೆ.

2025ರ ಕ್ಲಬ್ ವಿಶ್ವಕಪ್ಪಿನ ಎಲ್ಲ 63 ಪಂದ್ಯಗಳನ್ನು ಡಾಝೋನ್ ವೇದಿಕೆ ಉಚಿತವಾಗಿ ಹರಿಸಿತು. ಅಲ್ ಅಹ್ಲಿ, ವಿದಾದ್, ಎಸ್ಪೆರಾನ್ಸ್, ಅಲ್ ಐನ್, ಅಲ್ ಹಿಲಾಲ್, ಹೀಗೆ ಐದು ಅರಬ್ ಕ್ಲಬ್‌ಗಳು ಅದರಲ್ಲಿ ಆಡಿದವು. ಜೂನ್ 30ರ ರಾತ್ರಿ ಅಮೆರಿಕದ ಒರ್ಲಾಂಡೊದಲ್ಲಿ ಅಲ್ ಹಿಲಾಲ್ ಹೆಚ್ಚುವರಿ ಸಮಯದಲ್ಲಿ ಮ್ಯಾಂಚೆಸ್ಟರ್ ಸಿಟಿಯನ್ನು 4-3ರಿಂದ ಮಣಿಸಿತು. ಪಂದ್ಯ ಶುರುವಾದಾಗ ರಿಯಾದ್‌ನಲ್ಲಿ ನಸುಕಿನ ನಾಲ್ಕು ಗಂಟೆ. ಅಂಥ ಹೊತ್ತಿಗೆ ಹಾಸಿಗೆಯಲ್ಲೇ ಕೈಗೆಟಕುವ ಪರದೆಗೆ ಸಾಟಿಯಿಲ್ಲ.

ಇದರಿಂದ ಹೆಚ್ಚು ಲಾಭ ಪಡೆದವರು ಯಾರು ಎಂದು ಕೇಳಿದರೆ ನನ್ನ ಉತ್ತರ: ಹೆಣ್ಣುಮಕ್ಕಳು. ಹಳೆಯ ಬಡಾವಣೆಗಳ ಕಾಫಿ ಅಂಗಡಿ ಬಹುಮಟ್ಟಿಗೆ ಗಂಡಸರ ಜಾಗ. ಮನೆಯ ಟೀವಿಯ ರಿಮೋಟ್ ತಂದೆಯದೊ ಅಣ್ಣನದೊ ಕೈಯಲ್ಲಿ. ಸೌದಿ ಹೆಣ್ಣುಮಕ್ಕಳಿಗೆ ಲೀಗ್ ಪಂದ್ಯ ನೋಡಲು ಕ್ರೀಡಾಂಗಣದ ಬಾಗಿಲು ತೆರೆದದ್ದೇ 2018ರ ಜನವರಿ 12ರಂದು, ಜಿದ್ದಾದಲ್ಲಿ. ಯಾರ ಅಪ್ಪಣೆಯೂ ಬೇಡದೆ, ಯಾರ ಪಕ್ಕದಲ್ಲೂ ಕೂರದೆ, ತನಗೆ ಬೇಕಾದ ತಂಡವನ್ನು ನೋಡುವ ಸ್ವಾತಂತ್ರ್ಯವನ್ನು ಮೊಬೈಲು ಕೊಟ್ಟಿತು. ಸ್ಟ್ರೀಮಿಂಗನ್ನು ಹಳಿಯುವವರು ಇದನ್ನು ಮೊದಲು ಲೆಕ್ಕಕ್ಕೆ ಹಿಡಿಯಬೇಕು.

ನಷ್ಟವೂ ಇದೆ. ಸ್ಟ್ರೀಮಿಂಗ್‌ನಲ್ಲಿ ಚಿತ್ರವನ್ನು ಕೆಲವು ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ ಕಳಿಸುತ್ತಾರೆ. ಒಂದಷ್ಟು ತುಂಡು ಕೂಡಿಟ್ಟುಕೊಂಡೇ ಮೊಬೈಲು ಓಡಿಸಲು ಶುರುಮಾಡುವುದು. ಹೀಗಾಗಿ ಡಿಶ್‌ಗಿಂತ ಅದು ಹಲವು ಸೆಕೆಂಡು ಹಿಂದೆ, ಕೆಲವೊಮ್ಮೆ ಅರ್ಧ ನಿಮಿಷ. ಬೀದಿ ತುದಿಯ ಕಾಫಿ ಅಂಗಡಿಯಿಂದ ಕೂಗು ಎದ್ದಾಗ ಮೊಬೈಲಿನಲ್ಲಿ ನೋಡುವವನ ಪರದೆಯಲ್ಲಿ ಚೆಂಡು ಇನ್ನೂ ಮಧ್ಯ ಮೈದಾನದಲ್ಲಿರುತ್ತದೆ. ಐಪಿಎಲ್ಲನ್ನು ಮೊಬೈಲಿನಲ್ಲಿ ನೋಡಿದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದೇ ಕ್ಷಣಕ್ಕೆ ಇಡೀ ಊರು ಎದ್ದು ನಿಲ್ಲುವ ಅನುಭವ ಚೂರಾಗುತ್ತಿದೆ.

ಅರಬ್ ಫುಟ್‌ಬಾಲಿನಲ್ಲಿ ವೀಕ್ಷಕ ವಿವರಣೆಕಾರನಿಗೂ ದೊಡ್ಡ ಸ್ಥಾನವಿದೆ. ಟುನೀಶಿಯದ ಇಸಾಮ್ ಅಲ್ ಶವಾಲಿ, ರವೂಫ್ ಖಲೀಫ್, ಅಲ್ಜೀರಿಯದ ಹಫೀದ್ ದರ್ರಾಜಿ, ಒಮಾನಿನ ಖಲೀಲ್ ಅಲ್ ಬಲೂಶಿ ಇವರಿಗೆ ಆಟಗಾರರಿಗಿದ್ದಷ್ಟೇ ಅಭಿಮಾನಿಗಳು. ಮೊರಾಕ್ಕೊದವನ ಆಡುಮಾತು ಕುವೈತಿನವನಿಗೆ ಸಲೀಸಾಗಿ ತಿಳಿಯುವುದಿಲ್ಲ. ಶವಾಲಿಯ ಗ್ರಾಂಥಿಕ ಅರಬ್ಬಿ ಇಬ್ಬರಿಗೂ ತಿಳಿಯುತ್ತದೆ. ಮೊರಾಕ್ಕೊ 2022ರಲ್ಲಿ ಸ್ಪೇನ್, ಪೋರ್ಚುಗಲ್‌ಗಳನ್ನು ದಾಟಿ ಸೆಮಿಫೈನಲ್ ಮುಟ್ಟಿದಾಗ ಇಂಥ ದನಿಗಳೇ ಆ ಗೆಲುವನ್ನು ಎಲ್ಲ ಅರಬರದಾಗಿಸಿದವು. ಇಂದಿನ ಹುಡುಗರಲ್ಲಿ ಬಹಳ ಮಂದಿ ಪೂರ್ತಿ ಪಂದ್ಯದ ಬದಲು ಗೋಲಿನ ತುಣುಕು ನೋಡುತ್ತಾರೆ. ವಿವರಣೆಕಾರನ ಕಲೆಯಿರುವುದು ತೊಂಬತ್ತು ನಿಮಿಷ ಏರುತ್ತಾ ಹೋಗುವುದರಲ್ಲಿ. ಅರ್ಧ ನಿಮಿಷದ ತುಣುಕಿನಲ್ಲಿ ಕೂಗಾಟ ಮಾತ್ರ ಉಳಿಯುತ್ತದೆ.

4. ಬೆಲೆ ಮತ್ತು ಕಳವು

ಅಂಗೈಯ ಆಟ ಎಲ್ಲರ ಅಂಗೈಗೂ ಬಂದಿದೆಯೆ? ಈಜಿಪ್ಟಿನಲ್ಲಿ ಮನೆಯ ಇಂಟರ್ನೆಟ್ಟಿಗೂ ತಿಂಗಳಿಗಿಷ್ಟು ಡೇಟಾ ಎಂಬ ಮಿತಿಯಿದೆ. ಒಳ್ಳೆಯ ಗುಣಮಟ್ಟದ ಚಿತ್ರ ಗಂಟೆಗೆ ಎರಡು ಮೂರು ಜಿಬಿ ನುಂಗುತ್ತದೆ. ಪ್ರಸಾರದ ಹಕ್ಕು ಮಾರಾಟವಾಗುವುದು ಡಾಲರಿನಲ್ಲಿ. 2024ರ ಮಾರ್ಚ್‌ನಲ್ಲಿ ಡಾಲರಿಗೆ ಸುಮಾರು 31 ಈಜಿಪ್ಟ್ ಪೌಂಡ್ ಇದ್ದದ್ದು ಒಂದೇ ದಿನದಲ್ಲಿ 50ರ ಆಸುಪಾಸಿಗೆ ಹೋಯಿತು. ಜೊತೆಗೆ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಒಂದು ಕಡೆ, ಸೌದಿ ಲೀಗ್ ಇನ್ನೊಂದು ಕಡೆ. ಎಲ್ಲವನ್ನೂ ನೋಡಬೇಕೆಂದರೆ ಎರಡು ಮೂರು ಚಂದಾ.

ಹೀಗಿರುವಾಗ ಕಳವು ನಿಲ್ಲುವುದಾದರೂ ಹೇಗೆ? ವಸ್ಲಾ ಹೋಗಿ ಕಳ್ಳ ಜಾಲತಾಣ ಬಂದಿದೆ. ಜಗತ್ತಿನ ಅತಿ ದೊಡ್ಡ ಅಕ್ರಮ ಕ್ರೀಡಾ ಸ್ಟ್ರೀಮಿಂಗ್ ಜಾಲವೆಂದು ಕರೆಸಿಕೊಂಡ ಸ್ಟ್ರೀಮ್‌ಈಸ್ಟ್‌ಗೆ ಸಂಬಂಧಿಸಿದಂತೆ 2025ರ ಆಗಸ್ಟ್‌ನಲ್ಲಿ ಇಬ್ಬರನ್ನು ಬಂಧಿಸಿದ್ದು ಈಜಿಪ್ಟಿನಲ್ಲಿ, ಕೈರೊ ಪಕ್ಕದ ಶೇಖ್ ಝಾಯದ್‌ನಲ್ಲಿ. ವರ್ಷವೊಂದರಲ್ಲಿ ಅದಕ್ಕೆ 160 ಕೋಟಿ ಭೇಟಿ ನಡೆದಿತ್ತು ಎಂದು ಕಾರ್ಯಾಚರಣೆಯಲ್ಲಿ ಕೈಜೋಡಿಸಿದ ಉದ್ಯಮ ಒಕ್ಕೂಟ ಹೇಳಿತು. ಕಳವು ತಪ್ಪು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಬಂಧನವೊಂದೇ ಮದ್ದು ಎಂದರೆ ನಾನು ಒಪ್ಪುವುದಿಲ್ಲ. ಬೆಲೆ ಕೈಗೆಟಕದ ಕಡೆ, ದಾರಿ ಪದೇ ಪದೇ ಮುಚ್ಚುವ ಕಡೆ, ಜನ ಹಿತ್ತಲ ಬಾಗಿಲು ಹುಡುಕುತ್ತಾರೆ.

5. ಕೊನೆಯ ಮಾತು

ಸಭಿಕರೆ, ಆಟದ ಹಕ್ಕಿಗೆ ಬೆಲೆ ಇರಬೇಕು, ಒಪ್ಪೋಣ. ಆದರೆ ದೇಶದ ತಂಡ ವಿಶ್ವಕಪ್ ಆಡುವಾಗ ಅದು ಬರೀ ಸರಕಲ್ಲ. ಬ್ರಿಟನ್ 1996ರ ಪ್ರಸಾರ ಕಾಯ್ದೆಯಡಿ ಕೆಲವು ಕ್ರೀಡಾಕೂಟಗಳನ್ನು ಎಲ್ಲರಿಗೂ ಉಚಿತವಾಗಿ ಸಿಗುವಂತೆ ಪಟ್ಟಿ ಮಾಡಿದೆ. ಫುಟ್‌ಬಾಲ್ ವಿಶ್ವಕಪ್ ಅದರಲ್ಲಿದೆ. ನಮ್ಮಲ್ಲೂ 2007ರ ಕಾನೂನಿನ ಪ್ರಕಾರ ರಾಷ್ಟ್ರೀಯ ಮಹತ್ವದ ಪಂದ್ಯಗಳ ಸಂಕೇತವನ್ನು ಖಾಸಗಿ ವಾಹಿನಿ ಪ್ರಸಾರ ಭಾರತಿಯ ಜೊತೆ ಹಂಚಿಕೊಳ್ಳಬೇಕು. ಇಡೀ ಅರಬ್ ವಲಯಕ್ಕೆ ಅನ್ವಯಿಸುವ ಇಂಥ ಕಟ್ಟುಪಾಡು ಇಲ್ಲ. ಸರ್ಕಾರಿ ವಾಹಿನಿಗೆ ಒಪ್ಪಂದ ಕುದುರಿದರೆ ಪಂದ್ಯ, ಇಲ್ಲದಿದ್ದರೆ ಇಲ್ಲ. ಮೊರಾಕ್ಕೊ 2030ರ ವಿಶ್ವಕಪ್ಪಿನ ಆತಿಥೇಯರಲ್ಲಿ ಒಂದು. 2034ರದು ಸೌದಿಯಲ್ಲೇ ನಡೆಯಲಿದೆ. ಕ್ರೀಡಾಂಗಣ ಕಟ್ಟಲು ಸುರಿಯುವ ಹಣದ ನಡುವೆ, ತಮ್ಮ ಪ್ರಜೆಗಳು ಅದನ್ನು ಅಡ್ಡಿಯಿಲ್ಲದೆ ನೋಡುವ ಹಕ್ಕನ್ನೂ ಕಾನೂನಿನಲ್ಲಿ ಬರೆಯುವುದು ಆ ದೇಶಗಳಿಗೆ ದೊಡ್ಡ ಭಾರವೇನಲ್ಲ.

ನಮಗೂ ಇದರಲ್ಲಿ ಪಾಠವಿದೆ. ನಮ್ಮ 2007ರ ಕಾನೂನು ಬರೆದವರ ಕಣ್ಣಮುಂದೆ ಇದ್ದದ್ದು ದೂರದರ್ಶನ ಮತ್ತು ಅದರ ಡಿಶ್. ಮೊಬೈಲಿನ ಪರದೆ ಅವರ ಲೆಕ್ಕದಲ್ಲಿರಲಿಲ್ಲ. ಇವತ್ತು ಕರ್ನಾಟಕದ ಹುಡುಗ ಹುಡುಗಿಯರೂ ಆಟ ನೋಡುವುದು ಹೆಚ್ಚಾಗಿ ಅದೇ ಪರದೆಯಲ್ಲಿ. ಕರಾವಳಿಯಿಂದ ಹೋಗಿ ದಮ್ಮಾಮ್, ದೋಹಾ, ದುಬೈಗಳಲ್ಲಿ ದುಡಿಯುತ್ತಿರುವ ನಮ್ಮವರೂ ಅಲ್ಲಿನ ಜಾಲದಲ್ಲೇ ಪಂದ್ಯ ನೋಡುವವರು. ತೂಬು ಯಾರ ಕೈಯಲ್ಲಿದೆ, ಯಾರ ಮಾತಿಗೆ ತೆರೆಯುತ್ತದೆ, ಯಾರ ಮಾತಿಗೆ ಮುಚ್ಚುತ್ತದೆ ಎಂದು ಕೇಳುವ ಅಭ್ಯಾಸವನ್ನು ಕ್ರೀಡಾ ಪತ್ರಕರ್ತರೂ ಮಾಧ್ಯಮದ ವಿದ್ಯಾರ್ಥಿಗಳೂ ಬೆಳೆಸಿಕೊಳ್ಳಬೇಕು. ಪಂದ್ಯದ ಫಲಿತಾಂಶದ ಜೊತೆಗೆ, ಅದನ್ನು ಯಾರು ನೋಡಲು ಆಗಲಿಲ್ಲ ಎಂಬುದನ್ನೂ ಬರೆಯಿರಿ ಎಂಬುದು ಈ ವೇದಿಕೆಯಿಂದ ನನ್ನ ವಿನಂತಿ.