ವಾಲ್ವುಗಳಿಗೆ ಬಂದ ಜ್ವರ



ರಕ್ತದೊತ್ತಡದ ವೈದ್ಯರನ್ನು ವಿದ್ಯುತ್ತಿನ ಒತ್ತಡದ ಬಗ್ಗೆ ಮಾತನಾಡಲು ಕರೆದಿರುವ ನಿಮ್ಮ ಧೈರ್ಯಕ್ಕೆ ವಂದನೆಗಳು.

ಅಮೆರಿಕೆಗೆ ಬಂದ ಹೊಸತರಲ್ಲಿ, ರೆಸಿಡೆನ್ಸಿಯ ಅಲ್ಪ ಸಂಬಳದಲ್ಲಿ ನಾವು ಕೊಂಡ ಹಳೆಯ ವಾಲ್ವ್ ಆಂಪ್ಲಿಫೈಯರ್ ಇಂದಿಗೂ ನಮ್ಮ ಮನೆಯಲ್ಲಿದೆ. ಊರಿನಿಂದ ತಂದ ಎಲ್.ಪಿ. ತಟ್ಟೆಗಳಿಗೆ ಅದೇ ಕೊರಳು. ಕೆಲವು ವರ್ಷಗಳ ಹಿಂದೆ ಅದರ ವಾಲ್ವುಗಳು ಮೇಲಿಂದ ಮೇಲೆ ಸೊರಗತೊಡಗಿದವು. ಎರಡನೆಯ ಜೋಡಿಯೂ ಕೈಕೊಟ್ಟಾಗ ಪೆಟ್ಟಿಗೆಯನ್ನೇ ಬಿಸಾಡುವ ಮಾತು ಎದ್ದಿತು. ಅದಕ್ಕೆ ಮುನ್ನ ರೋಗಿಯ ಜ್ವರ ನೋಡೋಣವೆಂದು ಹೀಟರಿನ ತುದಿಗಳಿಗೆ ಮೀಟರ್ ಹಿಡಿದೆವು. 6.3 ವೋಲ್ಟ್ ಇರಬೇಕಾದಲ್ಲಿ 7.0 ಇತ್ತು!

ಟ್ರಾನ್ಸ್‌ಫಾರ್ಮರನ್ನು ಸುತ್ತಿದ್ದು 110 ವೋಲ್ಟಿಗೆ; ನಮ್ಮ ಗೋಡೆಯ ಪ್ಲಗ್ಗಿನಲ್ಲಿ ಬರುತ್ತಿದ್ದುದು 123. ಒಳಬರುವುದು ಏರಿದರೆ ಹೊರಹೋಗುವುದೂ ಅದೇ ಪ್ರಮಾಣದಲ್ಲಿ ಏರುತ್ತದೆ. ಈ ವಾಲ್ವುಗಳು ಸಹಿಸುವುದು ಶೇಕಡ 10ರ ಏರಿಳಿತವನ್ನು, ಅಂದರೆ ಸುಮಾರು 5.7ರಿಂದ 6.9ರವರೆಗೆ. ಶಾಖ ಮಿತಿಮೀರಿದರೆ ಕ್ಯಾಥೋಡಿನ ಲೇಪದಲ್ಲಿರುವ ಬೇರಿಯಂ ಬೇಗ ಆವಿಯಾಗಿ ಗ್ರಿಡ್ಡಿನ ಮೇಲೆ ಕೂರುತ್ತದೆ. ಆಗ ಇಲೆಕ್ಟ್ರಾನುಗಳನ್ನು ಹತೋಟಿಯಲ್ಲಿಡಬೇಕಾದ ಗ್ರಿಡ್ಡೇ ಅವನ್ನು ಉಗುಳತೊಡಗಬಹುದು. ಬೇಲಿಯೇ ಎದ್ದು ಹೊಲ ಮೇಯ್ದಂತೆ.

ಮೊದಲು ಮಾಡಿದ್ದು ಸುಲಭದ ಚಿಕಿತ್ಸೆ. ಎರಡು 6ವಿ6 ವಾಲ್ವುಗಳ ಹೀಟರಿಗೆ ತಲಾ 0.45 ಆಂಪಿಯರ್, ಎರಡು 12ಎಎಕ್ಸ್7ಗಳಿಗೆ ತಲಾ 0.3, ಒಟ್ಟು 1.5. ಹೆಚ್ಚಿನ 0.7 ವೋಲ್ಟನ್ನು 1.5ರಿಂದ ಭಾಗಿಸಿದರೆ ಸುಮಾರು 0.47 ಓಮ್. ಹೀಟರಿನ ಎರಡು ತಂತಿಗಳಿಗೂ ಒಂದೊಂದು 0.22 ಓಮಿನ ರೆಸಿಸ್ಟರ್ ಬೆಸೆದೆವು. ಒಂದೇ ತಂತಿಗೆ ಎರಡನ್ನೂ ಹಾಕಿದ್ದರೆ ಸಮತೋಲ ಕೆಟ್ಟು ಗುಂಯ್ ಎನ್ನುವ ಸದ್ದು ಬಂದೀತು. ಪ್ರತಿಯೊಂದರಲ್ಲೂ ಹುಟ್ಟುವ ಶಾಖ ಅರ್ಧ ವಾಟ್ ಮಾತ್ರ, ಆದರೂ 5 ವಾಟಿನವನ್ನೇ ಆರಿಸಿದೆವು.

ಮೀಟರ್ 6.3ರ ಆಸುಪಾಸಿಗೆ ಇಳಿಯಿತು, ನಾವೂ ಬೀಗಿದೆವು. ಆದರೆ ಮದ್ದು ಕೊಟ್ಟದ್ದು ಲಕ್ಷಣಕ್ಕೆ, ರೋಗಕ್ಕಲ್ಲ. ವಾಲ್ವಿನ ಪ್ಲೇಟಿಗೆ ಹೋಗುವ ನೂರಾರು ವೋಲ್ಟುಗಳು ಮೊದಲಿನಂತೆಯೇ ಮಿತಿಮೀರಿದ್ದವು. ವಿದ್ಯಾರ್ಥಿಗಳು ಇಂಥ ತಪ್ಪು ಮಾಡಿದರೆ ನಾವೇ ಗದರುತ್ತಿದ್ದೆವು!

ಕೊನೆಗೆ ಆ ರೆಸಿಸ್ಟರುಗಳನ್ನು ಕಿತ್ತು, 12.6 ವೋಲ್ಟಿನ ಸಣ್ಣ ಟ್ರಾನ್ಸ್‌ಫಾರ್ಮರೊಂದರ ಸೆಕೆಂಡರಿಯನ್ನು ಗೋಡೆಯ ವಿದ್ಯುತ್ತಿಗೆ ವಿರುದ್ಧ ದಿಕ್ಕಿನಲ್ಲಿ, ಸರಣಿಯಾಗಿ ಜೋಡಿಸಿದೆವು. 123 ಇದ್ದದ್ದು ಸುಮಾರು 110ಕ್ಕೆ ಇಳಿದು ಎಲ್ಲವೂ ಒಟ್ಟಿಗೆ ಹದಕ್ಕೆ ಬಂತು. ದಿಕ್ಕು ತಪ್ಪಿದರೆ 135 ದಾಟುತ್ತದೆ. ಆದ್ದರಿಂದ ಆಂಪ್ಲಿಫೈಯರನ್ನು ಸೇರಿಸುವ ಮುನ್ನವೇ ಅಳೆಯಬೇಕು. ಆ ಸೆಕೆಂಡರಿಯಲ್ಲಿ ಈಗ ಹರಿಯುವುದು ಗೋಡೆಯ ವಿದ್ಯುತ್ತು. ಹಾಗಾಗಿ ಫ್ಯೂಸ್ ಇರಲೇಬೇಕು, ಅರ್ಥಿಂಗ್ ಮಾಡಿದ ಮುಚ್ಚಿದ ಪೆಟ್ಟಿಗೆಯೂ ಬೇಕು.

ಮೂರನೆಯ ಜೋಡಿ ವಾಲ್ವುಗಳು ಇನ್ನೂ ಹಾಡುತ್ತಿವೆ. ಪೆಟ್ಟಿಗೆಯನ್ನು ಇಲ್ಲಿಗೇ ತಂದಿದ್ದೇವೆ, ಹತ್ತಿರ ಬಂದು ನೋಡಿರಿ. ಒಳಗೆ ಮಾತ್ರ ಕೈ ಹಾಕಬೇಡಿ: ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳು ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದು, ನಾವು ಈ ಸಂಜೆ ರಜೆಯ ಮೇಲಿದ್ದೇವೆ.